ಟೇಪ್ ರೆಕಾರ್ಡರಿನ ಮುಳ್ಳು ಏಕೆ ಕುಣಿಯುತ್ತದೆ?

ನಮ್ಮ ಸಂಘದ ಕಚೇರಿಯ ಗೋಡೆಬೀರುವಿನಲ್ಲಿ ಹಳೆಯದೊಂದು ಸ್ಟೀರಿಯೋ ಟೇಪ್ ರೆಕಾರ್ಡರು ಇರುವುದನ್ನು ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಎರಡು ಬದಿಗೂ ಧ್ವನಿವರ್ಧಕ, ನಡುವೆ ಕ್ಯಾಸೆಟ್ಟಿನ ಬಾಗಿಲು, ಮೇಲೊಂದು ಹಿಡಿಕೆ. ಎಂಟು ದಪ್ಪ ಬ್ಯಾಟರಿಗಳನ್ನು ತುಂಬಿದರೆ ಕರೆಂಟಿಲ್ಲದ ಹಳ್ಳಿಯಲ್ಲಿಯೂ ಹಾಡುವಂಥದು. 1980ರ ದಶಕದಲ್ಲಿ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ಹಿಂದೂಪುರಕ್ಕೆ ಹೊತ್ತು ತಂದು ಶಾಲೆಗೆ ಕಾಣಿಕೆಯಾಗಿ ಒಪ್ಪಿಸಿದರು. ಅದರ ಮುಂಭಾಗದಲ್ಲಿ ಬೆಂಕಿಪೆಟ್ಟಿಗೆಯಷ್ಟು ಅಗಲದ ಎರಡು ಗಾಜುಕಿಟಕಿಗಳಿವೆ. ಒಂದೊಂದರ ಹಿಂದೆಯೂ ಒಂದೊಂದು ಮುಳ್ಳು. ಹಾಡು ಏರಿದಂತೆ ಮುಳ್ಳು ಏಳುತ್ತದೆ, ಇಳಿದಂತೆ ಬೀಳುತ್ತದೆ. ಎಡಮಗ್ಗುಲಿನ ಅಂಕಿಗಳು ಕಪ್ಪು, ಬಲತುದಿಯವು ಕೆಂಪು. ಆ ಮುಳ್ಳುಗಳ ವಿಚಾರವನ್ನೇ ಈ ವರ್ಷದ ಸಂಚಿಕೆಗೆ ಬರೆಯಹೊರಟಿದ್ದೇವೆ. ನಾವು ವಿಜ್ಞಾನದ ಪದವೀಧರರಲ್ಲ. ಆದಕಾರಣ ತಿಳಿದವರಿಂದ ಕೇಳಿ, ಕೈಯಾರೆ ಮಾಡಿ ನೋಡಿ, ನಮಗೆ ಅರ್ಥವಾದಷ್ಟನ್ನೇ ಹೇಳುತ್ತೇವೆ.

ಇಷ್ಟೊಂದು ಶ್ರಮ ಏತಕ್ಕೆ ಎಂದು ಪೋಷಕರು ಕೇಳಬಹುದು. ಅದಕ್ಕೆ ಕಾರಣವಿದೆ. 1993ರಲ್ಲಿ ನಾವು ಇದೇ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಕನ್ನಡ ಪಂಡಿತರು ನಮ್ಮಲ್ಲಿ ನಾಲ್ವರನ್ನು ಕರೆದುಕೊಂಡು ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಗೆ ಹೋಗಿದ್ದರು. ಹಿಂದೂಪುರದಿಂದ ಮಡಕಶಿರಾ ಮಾರ್ಗವಾಗಿ ಹೊರಟರೆ ನಡುವೆ ಕರ್ನಾಟಕದ ಪಾವಗಡ ಸೀಮೆಯನ್ನು ಹಾದು ಮರಳಿ ಆಂಧ್ರವನ್ನು ಹೊಕ್ಕು ಕಲ್ಯಾಣದುರ್ಗ ಸೇರಬೇಕು. ಆಗ ಎರಡೂ ಊರುಗಳು ಅನಂತಪುರ ಜಿಲ್ಲೆಯಲ್ಲಿಯೇ ಇದ್ದವು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆ ಹಳ್ಳಿಯಲ್ಲಿ ಮೂವರು ಮುದುಕಿಯರು ಬೀಸುವ ಪದಗಳನ್ನೂ ಸೋಬಾನೆಗಳನ್ನೂ ಹಾಡುತ್ತಿದ್ದರು. ಕನ್ನಡದ ಹಾಡು, ನಡುನಡುವೆ ಅಕ್ಕಪಕ್ಕದ ಮನೆಯಿಂದ ಬಂದ ನೆಂಟರಂತೆ ತೆಲುಗಿನ ಮಾತುಗಳು. ಅವನ್ನು ಮುದ್ರಿಸಿಕೊಳ್ಳುವುದಕ್ಕಾಗಿ ಪಂಡಿತರು ಈ ಯಂತ್ರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

ಮುಳ್ಳು ಕಾಯುವ ಕೆಲಸ ನಮ್ಮ ಪಾಲಿಗೆ ಬಿತ್ತು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದೊಡನೆ ನಾವು ಕೈ ಎತ್ತಬೇಕು. ಪಂಡಿತರು ಗುಂಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಬೇಕು. ಬಲಗಡೆಯ ಮುಳ್ಳು ಮೇಲಿಂದ ಮೇಲೆ ಕೆಂಪಿಗೆ ಹಾರಿತು. ನಾವೂ ಮೇಲಿಂದ ಮೇಲೆ ಕೈ ಎತ್ತಿದೆವು. ಎಡಗಡೆಯ ಮುಳ್ಳು ಮಾತ್ರ ಕೆಳಗೇ ತೂಕಡಿಸುತ್ತಿತ್ತು. "ಅದೊಂದು ಸೋಮಾರಿ, ಅದನ್ನು ನೋಡಬೇಡ" ಎಂದರು. ಹೀಗೆ ಮೂರು ಕ್ಯಾಸೆಟ್ಟುಗಳು ತುಂಬಿದವು. ಈಗ ಮೂವತ್ತು ವರ್ಷಗಳ ಮೇಲೆ ಅವನ್ನು ಕಂಪ್ಯೂಟರಿಗೆ ಇಳಿಸಿಡೋಣವೆಂದು ಹಾಕಿ ನೋಡಿದರೆ, ಹಾಡು ಎಲ್ಲೋ ದೂರದಲ್ಲಿ. ಎದುರಿಗೆ ಬರಿಯ 'ಸ್' ಎಂಬ ಸದ್ದು. ಹಾಡಿದ ಮೂವರಲ್ಲಿ ಇಂದು ಒಬ್ಬರೂ ಉಳಿದಿಲ್ಲ.

ಮೊದಲು ಮುಳ್ಳಿನ ಸ್ವರೂಪವನ್ನು ತಿಳಿಯೋಣ. ಅಯಸ್ಕಾಂತದ ಎರಡು ಧ್ರುವಗಳ ನಡುವೆ ಕೂದಲಿನಷ್ಟು ತೆಳ್ಳನೆಯ ತಂತಿಯ ಸುರುಳಿಯೊಂದನ್ನು ತಿರುಗುವಂತೆ ನಿಲ್ಲಿಸಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ತು ಹರಿದರೆ ಅದೂ ಒಂದು ಅಯಸ್ಕಾಂತವಾಗಿ ತಿರುಗಲೆಳಸುತ್ತದೆ. ಸಣ್ಣದೊಂದು ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ಇವೆರಡರ ಜಗ್ಗಾಟ ಸಮನಾದೆಡೆಯಲ್ಲಿ ಮುಳ್ಳು ನಿಲ್ಲುತ್ತದೆ. 1882ರಲ್ಲಿ ಫ್ರಾನ್ಸಿನ ದಾರ್ಸನ್ವಾಲ್ ಎಂಬ ವಿಜ್ಞಾನಿ ಈ ಬಗೆಯ ಮಾಪಕವನ್ನು ರೂಪಿಸಿದನು. ನಮ್ಮ ಪ್ರಯೋಗಶಾಲೆಯ ಗ್ಯಾಲ್ವನಾಮೀಟರೂ ಇದೇ ವಂಶದ್ದು.

ಆದರೆ ಹಾಡಿನಿಂದ ಹುಟ್ಟುವ ವಿದ್ಯುತ್ತು ಒಂದೇ ಕಡೆಗೆ ಹರಿಯುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಹಿಂದೆಮುಂದೆ ಓಲಾಡುತ್ತದೆ. ಅದನ್ನು ಹಾಗೆಯೇ ಸುರುಳಿಗೆ ಕೊಟ್ಟರೆ ಮುಳ್ಳು ನಿಂತಲ್ಲೇ ನಡುಗೀತೇ ಹೊರತು ಏಳಲಾರದು. ಆದುದರಿಂದ ನಡುವೆ ಡಯೋಡು ಎಂಬ ಏಕಮುಖ ಬಾಗಿಲನ್ನಿಡುತ್ತಾರೆ. ಅದರ ಮುಂದೆ ಕೆಪಾಸಿಟರು ಎಂಬ ಪುಟ್ಟ ತೊಟ್ಟಿ. ಕೊಡಗಳಲ್ಲಿ ತಂದು ಸುರಿದ ನೀರು ತೊಟ್ಟಿಯಿಂದ ಸಮನಾಗಿ ಹರಿಯುವಂತೆ, ಬಿಟ್ಟುಬಿಟ್ಟು ಬಂದ ವಿದ್ಯುತ್ತು ಇಲ್ಲಿ ತುಂಬಿ ಮುಳ್ಳಿಗೆ ನಯವಾಗಿ ಇಳಿಯುತ್ತದೆ. ಎಷ್ಟು ಇಳಿಯಬೇಕೆಂಬುದನ್ನು ರೆಸಿಸ್ಟರು ಎಂಬ ತಡೆ ಗೊತ್ತುಮಾಡುತ್ತದೆ. ಡಯೋಡು, ಕೆಪಾಸಿಟರು, ರೆಸಿಸ್ಟರು, ಮುಳ್ಳು ಈ ನಾಲ್ಕೇ. ಮುಳ್ಳು ಅತಿಯಾಗಿ ಕುಣಿದರೆ ಕಳ್ಳನು ಬಹುಮಟ್ಟಿಗೆ ಈ ನಾಲ್ವರಲ್ಲಿಯೇ ಇರುತ್ತಾನೆ.

ಮುಳ್ಳಿನ ಇತಿಹಾಸವೂ ಸ್ವಾರಸ್ಯವಾಗಿದೆ. ರೇಡಿಯೋ ಹೊಸದಾಗಿದ್ದ ಕಾಲದಲ್ಲಿ ಒಂದೊಂದು ನಿಲಯದ ಮಾಪಕವೂ ಒಂದೊಂದು ಲೆಕ್ಕ ಹೇಳುತ್ತಿತ್ತು. ಒಂದು ಊರಿನವರು "ಸರಿಯಾಗಿದೆ" ಎಂದು ತಂತಿಯ ಮೇಲೆ ಕಳುಹಿದ ಸಂಗೀತವು ಇನ್ನೊಂದು ಊರಿನವರ ಮುಳ್ಳಿಗೆ ಅತಿಯಾಗಿ ಕಾಣುತ್ತಿತ್ತು. ಈ ಜಗಳವನ್ನು ತೀರಿಸಲು 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರೂ, ಸಿ.ಬಿ.ಎಸ್. ಮತ್ತು ಎನ್.ಬಿ.ಸಿ. ಎಂಬ ರೇಡಿಯೋ ಸಂಸ್ಥೆಗಳವರೂ ಕೂಡಿ 'ವಿ.ಯು. ಮೀಟರ್' ಎಂಬ ಒಂದೇ ಅಳತೆಯನ್ನು ಒಪ್ಪಿಕೊಂಡರು. ಇದಕ್ಕೆ ನಾಲ್ಕು ವರ್ಷ ಮುಂಚೆ, 1935ರಲ್ಲಿ, ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರೇಷಕವನ್ನಿಟ್ಟು ಆಕಾಶವಾಣಿಯನ್ನು ನಡೆಸತೊಡಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು. ವಿ.ಯು. ಮೀಟರಿನ ನಿಯಮದಂತೆ ಮುಳ್ಳು ಸೊನ್ನೆಯ ಗುರುತಿಗೆ ಏರಲು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಹೊತ್ತು ತೆಗೆದುಕೊಳ್ಳಬೇಕು. ಬೇಕೆಂದೇ ಅದನ್ನು ನಿಧಾನ ಮಾಡಿದ್ದಾರೆ. ಒಂದು ತಮಟೆಯ ಪೆಟ್ಟು ಅದಕ್ಕಿಂತ ಬೇಗ ಮುಗಿದುಹೋಗುತ್ತದೆ. ಮುಳ್ಳು ಅದರ ಪೂರ್ಣ ಎತ್ತರವನ್ನು ತೋರಿಸುವುದೇ ಇಲ್ಲ. ಅದು ಕಿವಿಗೆ ಒಟ್ಟಿನ ಮೇಲೆ ಎಷ್ಟು ಗಟ್ಟಿಯೆನಿಸುತ್ತದೆ ಎಂಬುದನ್ನು ತೋರಿಸುವ ಸಾಧನ. ಹಾಗಿರುವಲ್ಲಿ, ಮೆಲ್ಲನೆಯ ಮಾತಿಗೂ ಮಿಂಚಿನಂತೆ ಚಿಮ್ಮುವ ಮುಳ್ಳನ್ನು ಕಂಡರೆ ಅನುಮಾನಪಡಬೇಕಾದದ್ದೇ. ಕೈಯಲ್ಲಿ ಒಯ್ಯುವ ಸ್ಟೀರಿಯೋಗಳ ಮುಳ್ಳುಗಳು ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲವೆಂಬುದೂ ನಿಜ. ಕೆಲವು ಪೆಟ್ಟಿಗೆಗಳಲ್ಲಿ ಅವು ಅಂಗಡಿಯ ಅಂದಕ್ಕೆ ಇಟ್ಟವು.

ಕ್ಯಾಸೆಟ್ಟಿಗೆ ಮುಳ್ಳಿನ ಅಗತ್ಯ ಏನೆಂದರೆ, ಆ ಪಟ್ಟಿಯ ಮೇಲೆ ಜಾಗ ಬಹಳ ಕಡಮೆ. 1963ರಲ್ಲಿ ಫಿಲಿಪ್ಸ್ ಕಂಪನಿಯು ಬರ್ಲಿನ್ನಿನ ಪ್ರದರ್ಶನದಲ್ಲಿ ಮೊದಲು ತೋರಿಸಿದ ಈ ಕ್ಯಾಸೆಟ್ಟಿನ ಪಟ್ಟಿ 4 ಮಿಲಿಮೀಟರಿಗಿಂತಲೂ ಕಿರಿದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಅದರ ಮೇಲಿನ ಕಾಂತಕಣಗಳು ತಾವಾಗಿಯೇ 'ಸ್' ಎಂದು ಸದ್ದು ಮಾಡುತ್ತಿರುತ್ತವೆ. ಸಾಧಾರಣ ಕ್ಯಾಸೆಟ್ಟಿನಲ್ಲಿ ಅತಿ ಗಟ್ಟಿಯಾಗಿ ಮುದ್ರಿಸಬಹುದಾದ ದನಿಗೂ ಈ ಸದ್ದಿಗೂ ಸುಮಾರು 50 ಡೆಸಿಬೆಲ್ ಅಂತರ. ಮೇಲಕ್ಕೆ ಹೋದರೆ ದನಿ ಒಡೆಯುತ್ತದೆ, ಕೆಳಕ್ಕಿಳಿದರೆ ಸದ್ದಿನಲ್ಲಿ ಮುಳುಗುತ್ತದೆ. ಒಡೆದ ದನಿಯನ್ನು ಎಲ್ಲರೂ ಗುರುತಿಸುತ್ತಾರಾದ್ದರಿಂದ ಎಲ್ಲರಿಗೂ ಕೆಂಪಿನ ಭಯ. ಕೆಳಗಿನ ಅಪಾಯವನ್ನು ಯಾರೂ ಅಷ್ಟಾಗಿ ಲೆಕ್ಕಿಸುವುದಿಲ್ಲ. ಆ ಕಡೆಗೆ ಯಂತ್ರದವರು ಕೆಂಪು ಬಣ್ಣ ಬಳಿದಿಲ್ಲವಷ್ಟೆ!

ಈ ವರ್ಷ ಬೇಸಗೆಯ ರಜೆಯಲ್ಲಿ ಹಿಂದೂಪುರದ ಪೇಟೆಯಲ್ಲಿ ಬಹುಕಾಲದಿಂದ ರೇಡಿಯೋ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರನ್ನು ಕರೆಸಿದೆವು. ಯಂತ್ರದ ತಿರುಪುಗಳಿಗೆ ಅವರು ಕೈಯಿಕ್ಕಲೇ ಇಲ್ಲ. ಮೊದಲು ಕಣ್ಣುಮುಚ್ಚಿ ಕುಳಿತು ಕೇಳಿದರು. "ಮುಳ್ಳು ಕೆಂಪಿನಲ್ಲಿದೆ, ದನಿ ಒಡೆದಿಲ್ಲ. ಹಾಗಿದ್ದರೆ ಸುಳ್ಳು ಹೇಳುತ್ತಿರುವುದು ಮುಳ್ಳು" ಎಂದರು. ಇಷ್ಟು ಸರಳವಾದ ಪರೀಕ್ಷೆ 1993ರಲ್ಲಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮುದ್ರಿಸಿದ್ದನ್ನು ಅಲ್ಲಿಯೇ ಒಂದು ನಿಮಿಷ ತಿರುಗಿಸಿ ಹಾಕಿ ಕೇಳಿದ್ದರೆ ತಿಳಿದೀತಾಗಿತ್ತು. ಬ್ಯಾಟರಿ ಮುಗಿದೀತೆಂಬ ಜಿಪುಣತನ.

ಎರಡನೆಯದಾಗಿ ಅವರು ಕರೆಂಟಿನ ವೈರನ್ನು ಕಿತ್ತು ಬ್ಯಾಟರಿಯ ಮೇಲೆ ಯಂತ್ರವನ್ನು ನಡೆಸಿದರು. ಹಾಡೇ ಇಲ್ಲದಾಗ ಮುಳ್ಳು ಎದ್ದು ನಿಂತು, ಬ್ಯಾಟರಿಗೆ ಬದಲಿಸಿದೊಡನೆ ಕೆಳಗಿಳಿದರೆ, ಕರೆಂಟನ್ನು ಶುದ್ಧಮಾಡುವ ದೊಡ್ಡ ಕೆಪಾಸಿಟರು ಒಣಗಿದೆಯೆಂದು ತಿಳಿಯಬೇಕು. ಆಗ ಧ್ವನಿವರ್ಧಕದಲ್ಲಿಯೂ 'ಗುಂಯ್' ಎಂಬ ಸದ್ದಿರುತ್ತದೆ. ನಮ್ಮದರಲ್ಲಿ ಆ ದೋಷವಿರಲಿಲ್ಲ.

ಮೂರನೆಯ ಪರೀಕ್ಷೆಯೇ ಮುಖ್ಯವಾದದ್ದು. ಕೈಫೋನಿನಿಂದ 400 ಹರ್ಟ್ಸ್‌ನ ಒಂದೇ ಸಮನಾದ ಸ್ವರವನ್ನು ಯಂತ್ರದ ಎಡಬಲ ಎರಡು ದಾರಿಗಳಿಗೂ ಒಂದೇ ಪ್ರಮಾಣದಲ್ಲಿ ಕೊಟ್ಟರು. ಎಡದ ಮುಳ್ಳು ಕಪ್ಪಿನಲ್ಲಿಯೇ ಉಳಿಯಿತು. ಬಲದ ಮುಳ್ಳು ತುದಿಯ ಗೂಟಕ್ಕೆ ಹೋಗಿ ಬಡಿಯಿತು. ಎರಡೂ ಒಟ್ಟಿಗೆ ಹಾರಿದ್ದರೆ ಎರಡಕ್ಕೂ ಸಾಮಾನ್ಯವಾದ ಭಾಗವನ್ನು ಶಂಕಿಸಬೇಕಾಗಿತ್ತು: ಕರೆಂಟಿನ ಪೆಟ್ಟಿಗೆ, ಅಥವಾ ಮುದ್ರಣಕ್ಕೂ ಆಲಿಸುವುದಕ್ಕೂ ದಾರಿ ಬದಲಿಸುವ ಉದ್ದನೆಯ ಸ್ವಿಚ್ಚು. ಒಂದೇ ಹಾರಿದ್ದರಿಂದ ದೋಷ ಆ ಕಡೆಯದೇ ಎಂದು ಗೊತ್ತಾಯಿತು. ಆದರೆ ದಾರಿಯದೋ ಮುಳ್ಳಿನದೋ? ಆಗ ಯಂತ್ರವನ್ನು ಬಿಚ್ಚಿ ಎರಡು ಮೀಟರುಗಳ ತಂತಿಗಳನ್ನು ಅದಲುಬದಲು ಮಾಡಿದರು. ಎಡದ ದಾರಿಗೆ ಜೋಡಿಸಿದರೂ ಬಲದ ಮೀಟರೇ ಹಾರಿತು. ಕಾಯಿಲೆ ಮುಳ್ಳಿನ ಜೊತೆಯಲ್ಲಿಯೇ ಪ್ರಯಾಣಮಾಡಿತು. ಡಯೋಡು, ಕೆಪಾಸಿಟರು, ರೆಸಿಸ್ಟರು ಮೂವರೂ ನಿರಪರಾಧಿಗಳು.

ಶಾಲೆಯ ಹಳೆಯ ಖರ್ಚಿನ ಪುಸ್ತಕವನ್ನು ತೆರೆದಾಗ ಒಗಟು ಬಿಡಿಸಿಕೊಂಡಿತು. ಪ್ರವಾಸಕ್ಕೆ ಹಿಂದಿನ ವರ್ಷ ಬಲಗಡೆಯ ಮುಳ್ಳು ಬಾಗಿ ನಿಂತುಹೋಗಿದ್ದರಿಂದ ಬೇರೊಂದು ಮೀಟರನ್ನು ಹಾಕಿಸಲಾಗಿತ್ತು. ನೋಟಕ್ಕೆ ಎರಡೂ ಅವಳಿಗಳು. ಗುಣದಲ್ಲಿ ಹಾಗಲ್ಲ. ಮೂಲದ ಮೀಟರಿನ ಮುಳ್ಳು ತುದಿಗೆ ಹೋಗಲು 500 ಮೈಕ್ರೋಆಂಪಿಯರು ಬೇಕು. ಹೊಸದಕ್ಕೆ 200 ಸಾಕು. ಮೈಕ್ರೋಆಂಪಿಯರು ಎಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಂದರೆ ಒಂದೇ ದನಿಗೆ ಹೊಸ ಮುಳ್ಳು ಎರಡೂವರೆ ಪಟ್ಟು ಹೆಚ್ಚಾಗಿ ಏಳುತ್ತಿತ್ತು. ಡೆಸಿಬೆಲ್ಲಿನ ಲೆಕ್ಕದಲ್ಲಿ ಇದು 8. ಕೆಂಪಿಗೆ ಇನ್ನೂ 8 ಡೆಸಿಬೆಲ್ ದೂರವಿರುವಾಗಲೇ ಅದು ಕೆಂಪನ್ನು ಮುಟ್ಟಿ ನಮ್ಮನ್ನು ಹೆದರಿಸುತ್ತಿತ್ತು. ಯಂತ್ರಕ್ಕೆ ಗುಂಡಿ ಒಂದೇ ಆದುದರಿಂದ ಬಲವನ್ನು ತಗ್ಗಿಸಿದಾಗ ಎಡವೂ ತಗ್ಗಿತು. ಸೋಮಾರಿಯೆಂದು ನಾವು ಬಗೆದ ಎಡದ ಮುಳ್ಳು ಅಂದು ಇದ್ದದ್ದನ್ನು ಇದ್ದಂತೆ ಹೇಳುತ್ತಿತ್ತು.

ಇದನ್ನು ಸರಿಪಡಿಸಿದ ಬಗೆ ಹತ್ತನೆಯ ತರಗತಿಯವರಿಗೆ ಒಂದು ಒಳ್ಳೆಯ ಲೆಕ್ಕ. ಅಂಥದೇ ಹಳೆಯ ಮೀಟರು ಈಗ ದೊರೆಯುವುದು ಕಷ್ಟ. ಬಂದ 500 ಮೈಕ್ರೋಆಂಪಿಯರಿನಲ್ಲಿ 200 ಮಾತ್ರ ಮುಳ್ಳಿನ ಮೂಲಕ ಹೋಗಿ, ಉಳಿದ 300 ಪಕ್ಕದ ಕಾಲುವೆಯಲ್ಲಿ ಹರಿದುಹೋದರೆ ಸಾಕಷ್ಟೆ? ಆ ಕಾಲುವೆಯೇ ಮೀಟರಿನ ಎರಡು ತುದಿಗಳಿಗೆ ಅಡ್ಡಲಾಗಿ ಬೆಸೆಯುವ ಒಂದು ರೆಸಿಸ್ಟರು. ಸುರುಳಿಯ ತಡೆ 600 ಓಮ್ ಇತ್ತು. ಓಮನ ನಿಯಮದಂತೆ 200 ಮೈಕ್ರೋಆಂಪಿಯರನ್ನು 600ರಿಂದ ಗುಣಿಸಿದರೆ 0.12 ವೋಲ್ಟು. ಅದೇ 0.12 ವೋಲ್ಟಿಗೆ 300 ಮೈಕ್ರೋಆಂಪಿಯರು ಹರಿಯಬೇಕಾದರೆ ತಡೆ 400 ಓಮ್ ಆಗಬೇಕು. ಅಂಗಡಿಯಲ್ಲಿ 390 ಓಮಿನದು ಸಿಗುತ್ತದೆ, ಅದನ್ನೇ ಹಾಕಿದರು. ಅದರ ಬೆಲೆ ಒಂದು ಬಳಪದ ಕಡ್ಡಿಯಷ್ಟೂ ಇಲ್ಲ. ಈಗ ಎರಡು ಮುಳ್ಳುಗಳೂ ಜೋಡೆತ್ತಿನಂತೆ ಒಟ್ಟಿಗೆ ಏಳುತ್ತವೆ.

ಸುರುಳಿಯ ತಡೆಯನ್ನು ಅವರು ಅಳೆದ ಉಪಾಯವೂ ಕಲಿಯತಕ್ಕದ್ದೇ. ಮಲ್ಟಿಮೀಟರಿನ ಓಮ್ ಸ್ಥಾನದಿಂದ ನೇರವಾಗಿ ಅಳೆಯಹೋದರೆ ಆ ಉಪಕರಣವೇ ಕಳುಹುವ ವಿದ್ಯುತ್ತಿಗೆ ನವುರಾದ ಮುಳ್ಳು ಬಾಗಿಹೋಗಬಹುದು. ಅವರು ಒಂದೂವರೆ ವೋಲ್ಟಿನ ಸೆಲ್ಲಿಗೆ ಸಾವಿರಾರು ಓಮಿನ ತಡೆಯನ್ನು ಸೇರಿಸಿ ಮುಳ್ಳನ್ನು ಸರಿಯಾಗಿ ತುದಿಗೆ ತಂದರು. ಬಳಿಕ ಮೀಟರಿಗೆ ಅಡ್ಡಲಾಗಿ, ಹೆಚ್ಚುಕಡಮೆ ಮಾಡಬಹುದಾದ ಇನ್ನೊಂದು ತಡೆಯನ್ನಿಟ್ಟು ಮುಳ್ಳು ಅರ್ಧಕ್ಕೆ ಇಳಿಯುವ ತನಕ ತಿರುಗಿಸಿದರು. ವಿದ್ಯುತ್ತು ಇಬ್ಬರಿಗೂ ಸಮಪಾಲಾಯಿತೆಂದ ಮೇಲೆ ಇಬ್ಬರ ತಡೆಯೂ ಸುಮಾರಾಗಿ ಸಮವೆಂದೇ ಅರ್ಥ.

ಎಡದ ಮುಳ್ಳಿನಲ್ಲಿಯೂ ಒಂದು ಹೊಸ ದೋಷ ಕಂಡಿತು. ಅದು ಎತ್ತರವನ್ನು ಸರಿಯಾಗಿ ತೋರಿಸಿದರೂ ಚಳಿಜ್ವರ ಬಂದಂತೆ ನಡುಗುತ್ತಿತ್ತು. ತೊಟ್ಟಿಯೆಂದು ಹೇಳಿದೆವಲ್ಲ, ಆ ಕೆಪಾಸಿಟರಿನೊಳಗಿನ ರಸ ಮೂವತ್ತು ನಲವತ್ತು ವರ್ಷಗಳಲ್ಲಿ ಆರಿಹೋಗುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನಷ್ಟೇ ಕಾಣುವ ನಮ್ಮ ಸೀಮೆಯ ಬೇಸಗೆಯ ಕಾವಿನಲ್ಲಿ ಅದು ಇನ್ನೂ ಬೇಗ ಆರಿದ್ದರೆ ಆಶ್ಚರ್ಯವಿಲ್ಲ. ಹೊಸದನ್ನು ಹಾಕಿದೊಡನೆ ನಡುಕ ನಿಂತಿತು. ಅದನ್ನು ಹಾಕುವಾಗ ಧನ ಋಣ ತುದಿಗಳು ತಿರುಗುಮುರುಗಾಗದಂತೆ ನೋಡಿಕೊಳ್ಳಬೇಕು.

ಉಳಿದ ಕಾರಣಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಒಳ್ಳೆಯ ಯಂತ್ರಗಳು ಮುದ್ರಿಸುವಾಗ ಹಾಡಿನ ಜೊತೆಗೆ, ಸೆಕೆಂಡಿಗೆ ಹಲವು ಹತ್ತುಸಾವಿರ ಸಲ ಓಲಾಡುವ ಒಂದು ಅಲೆಯನ್ನೂ ಪಟ್ಟಿಗೆ ಕಳುಹುತ್ತವೆ. ನಮ್ಮ ಕಿವಿ 20,000ಕ್ಕಿಂತ ಮೇಲಿನದನ್ನು ಕೇಳಲಾರದು. ಮುಳ್ಳಿಗೆ ಆ ಮಿತಿಯಿಲ್ಲ. ಆ ಅಲೆ ಮೀಟರಿನ ದಾರಿಗೆ ನುಸುಳಿದರೆ, ಸಂಪೂರ್ಣ ನಿಶ್ಶಬ್ದದಲ್ಲಿಯೂ ಮುಳ್ಳು ಎದ್ದು ನಿಲ್ಲುತ್ತದೆ. ಮುದ್ರಣದಲ್ಲಿ ಮಾತ್ರ ಏಳುತ್ತದೆ, ಆಲಿಸುವಾಗ ಇಲ್ಲ ಎಂಬುದೇ ಇದರ ಗುರುತು. ಕೆಲವು ಯಂತ್ರಗಳಲ್ಲಿ ಒಂದೇ ಮುಳ್ಳು ಬ್ಯಾಟರಿಯ ಶಕ್ತಿಯನ್ನೂ ತೋರಿಸುವುದುಂಟು. ಅದರ ಸ್ವಿಚ್ಚಿಗೆ ಧೂಳು ಕೂತರೂ ಗೊಂದಲವಾಗುತ್ತದೆ. ಇನ್ನೊಂದು ವಿನೋದ: ಒಣ ಬೇಸಗೆಯಲ್ಲಿ ಮೀಟರಿನ ಪ್ಲಾಸ್ಟಿಕ್ ಕಿಟಕಿಯನ್ನು ಬಟ್ಟೆಯಿಂದ ಉಜ್ಜಿದರೆ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಅದು ಮುಳ್ಳನ್ನು ಸೆಳೆದು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿದರೆ ವಾಸಿ. ಕೆಲವು ಯಂತ್ರಗಳಲ್ಲಿ ಮುಳ್ಳಿನ ಏರಿಕೆಯನ್ನು ತಿದ್ದುವ ಪುಟ್ಟ ತಿರುಪು ಒಳಗಿರುತ್ತದೆ. ಅದನ್ನು ಕಂಡೊಡನೆ ತಿರುಗಿಸಿ ಮುಳ್ಳನ್ನು ಸುಮ್ಮನಿರಿಸುವ ಚಪಲ ಹುಟ್ಟುತ್ತದೆ. ಕಾರಣ ತಿಳಿಯದೆ ಹಾಗೆ ಮಾಡಿದರೆ ಅತಿ ಹೇಳುತ್ತಿದ್ದ ಮುಳ್ಳು ಕಡಮೆ ಹೇಳತೊಡಗುತ್ತದೆ, ಅಷ್ಟೆ.

ಮಕ್ಕಳು ಇದನ್ನೋದಿ ಮನೆಯ ಯಂತ್ರಗಳನ್ನು ಬಿಚ್ಚಕೂಡದು. ವೈರನ್ನು ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ವಿದ್ಯುತ್ತು ಕೆಲಹೊತ್ತು ಉಳಿದಿರುತ್ತದೆ. ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳನ್ನು, ಎಂದರೆ ಕಿವಿಯಿಂದ ಕೇಳುವುದು, ಬ್ಯಾಟರಿಗೆ ಬದಲಿಸುವುದು, ಎಡಬಲಗಳನ್ನು ಹೋಲಿಸುವುದು ಇವುಗಳನ್ನು ಹಿರಿಯರ ಎದುರಿಗೆ ಮಾಡಿರಿ; ಬಿಚ್ಚುವುದನ್ನು ಬಲ್ಲವರಿಗೆ ಬಿಡಿರಿ.

ಇನ್ನು ಆ ಮೂರು ಕ್ಯಾಸೆಟ್ಟುಗಳ ಮಾತು. ಕಡಮೆಯಾಗಿ ಮುದ್ರಿತವಾದ ದನಿಯನ್ನು ಈಗ ಎಷ್ಟು ಎತ್ತಿದರೂ ಅದರೊಡನೆ 'ಸ್' ಎಂಬುದೂ ಅಷ್ಟೇ ಏರುತ್ತದೆ. ಎಲ್ಲ ತಪ್ಪನ್ನೂ ಮುಳ್ಳಿನ ಮೇಲೆ ಹೊರಿಸಲಾರೆವು; ಅಂದು ಗಾಳಿಯಿತ್ತು, ಬೀಸುಕಲ್ಲಿನ ಸದ್ದಿತ್ತು, ಯಂತ್ರವನ್ನು ದೂರದಲ್ಲಿಟ್ಟಿದ್ದೆವು. ಆದರೂ ಕೈ ಎತ್ತಿದವರು ನಾವು ಎಂಬುದು ಹಾಡು ಕೇಳುವಾಗಲೆಲ್ಲ ನೆನಪಿಗೆ ಬರುತ್ತದೆ. ಕಂಪ್ಯೂಟರಿನ ಸಹಾಯದಿಂದ ಸದ್ದನ್ನು ಒಂದಿಷ್ಟು ತಗ್ಗಿಸಿದ ಮೇಲೆ ಎರಡು ಕ್ಯಾಸೆಟ್ಟುಗಳ ಹಾಡುಗಳು ಬಹುಮಟ್ಟಿಗೆ ಅರ್ಥವಾದವು. ಅವನ್ನು ಎಂಟನೆಯ ತರಗತಿಯ ಹುಡುಗಿಯರು ಕೇಳಿ ಕೇಳಿ ಬರೆದುಕೊಂಡಿದ್ದಾರೆ. ಮೂರನೆಯ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಲ್ಲಿ, ಮದುಮಗಳನ್ನು ಕಳುಹಿಸಿಕೊಡುವ ಸಂದರ್ಭದ ಒಂದು ಹಾಡಿದೆ. ಹಾಡಿದಾಕೆಯ ಧ್ವನಿ ಮೊದಲೇ ಸಣ್ಣದು. ನಾಲ್ಕೈದು ಸಾಲುಗಳಲ್ಲಿ ಧಾಟಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಕಲ್ಯಾಣದುರ್ಗ, ಮಡಕಶಿರಾ, ಪಾವಗಡದ ಕಡೆಯಿಂದ ಬಂದ ಮನೆತನಗಳು ನಮ್ಮ ಪೋಷಕರಲ್ಲಿ ಅನೇಕವಿವೆ. ಮನೆಯಲ್ಲಿ ಮದುವೆಯ ಹಾಡು ಬಲ್ಲ ಅಜ್ಜಿಯರಿದ್ದರೆ ಯಾವುದಾದರೊಂದು ಶನಿವಾರ ಮಧ್ಯಾಹ್ನ ಶಾಲೆಗೆ ಕರೆತರಬೇಕಾಗಿ ಕೋರುತ್ತೇವೆ. ಯಂತ್ರ ಸಿದ್ಧವಾಗಿರುತ್ತದೆ, ಅವರು ಧಾಟಿಯನ್ನು ಕೇಳಿ ಮಾತು ಹೇಳಬಲ್ಲರೇನೋ ನೋಡಬೇಕು.